ಕೂಲರ್ ಬಂದ್ ಮಾಡಿದ ರಾತ್ರಿ

ಸೂಪರ್ ಮಾರ್ಕೆಟಿನ ಮೊಬೈಲ್ ಅಂಗಡಿ ಖಲೀಲಗ
ಹೆಂಗ ಹೇಳಬೇಕು, ನಾಲಿಗಿ ತೊದಲಿತು:
ಹೆಣ್ಣದನಿ ಬೇಕು ತಮ್ಮಾ,
ಕೋಗಿಲಿ ಬ್ಯಾಡ, ಸಕ್ಕರಿ ಬ್ಯಾಡ,
ಒಲಿ ಆರಿದ ಮ್ಯಾಲ ಬೂದ್ಯಾಗ ಉಳದ ಕೆಂಡ
ಇರತದಲ್ಲ, ಅಂಥಾದ್ದು.

ಭಜನಿ ಏನ್ರಿ? ಕವ್ವಾಲಿ?
ಅಲ್ಲ. ರಾತ್ರಿಗಿ, ಅಂದೆ.
ತಲಿ ಎತ್ತಲಿಲ್ಲ ಅವ. ಕಾರ್ಡಿಗಿ ಹನ್ನೆರಡು ಹಾಡು ಹಾಕಿ
ಜಾಝ್ ಅಂತಾರಣ್ಣಾ ಇದಕ, ಮೂವತ್ತು ಕೊಡ್ರಿ.

ಮೇ ತಿಂಗಳ ಕಲಬುರಗಿ. ಹತ್ತೂವರಿಗೂ ಗ್ವಾಡಿ ಸುಡತದ.
ಹಚ್ಚಿದೆ. ಯಾವ ಊರಾಕಿಯೋ, ಶುರು ಮಾಡಿದಳು,
ಕೂಲರಿನ ಗರಗರದಾಗ ಸೊಂಟಮಟ ಮುಳುಗಿದಳು.

ಮಹಾನಂದಾ ಎದ್ದು
ಕೂಲರ್ ಬಂದ್ ಮಾಡಿದಳು.
ಕೇಳಸಲಿ, ಅಂದಳು.

ಶಹಾಬಾದಿ ಪರಸಿಗಿ ಒಂದು ಕೊಡ ನೀರು ಗೊಜ್ಜಿ
ಚಾಪಿ ಇಲ್ಲದ ಕುಂತಿವಿ, ಬೆವತು, ಬೆನ್ನಿಗಿ ಬೆನ್ನು.
ಪದ ಒಂದೂ ತಿಳೀಲಿಲ್ಲ.
ಪದಕ್ಕೂ ಪದಕ್ಕೂ ನಡುವ ಆಕಿ ಉಸುರು ಎಳಕೋತಾಳ,
ಅದಷ್ಟ ತಿಳೀತು.

ಮೂರನೇ ಹಾಡಿಗಿ ಮಹಾನಂದಾ:
ಈಕಿಗಿ ನೆಗಡಿ ಆಗ್ಯಾದೇನು?
ನಕ್ಕಿವಿ. ನಗೂಮುಂದ ಹಣಿ ಒರಸಲಿಕ್ಕಿ ಬಂದ ಆಕಿ ಸೆರಗು
ನನ್ನ ಕೊರಳಾಗೇ ನಿಂತಿತು,
ಒದ್ದಿ ಆಗಿ, ಭಾರ ಆಗಿ.

ಹನ್ನೆರಡು ಹಾಡು ಅದಾವ ಅದರಾಗ.
ನಾಲ್ಕನೇದು ಹೆಂಗದೋ
ಇನ್ನೂ ಕೇಳಿಲ್ಲ.