ಸಿಗದಿರಲಿ ಎಂದು

ಬೆಂಗ್ರೆಯ ದೋಣಿ ಇಳಿದು ಸೀದಾ ಬಂದಿದ್ದರು,
ಸೀರೆಯಂಚು ಇನ್ನೂ ಒದ್ದೆ.
ಸುಂದರಿ ಪುತ್ರನ್. ಪೇಪರು ಸುತ್ತಿದ ಪೊಟ್ಟಣ ಬಿಚ್ಚಿ
ನನ್ನ ಮೇಜಿನ ಮೇಲಿಟ್ಟರು: ಮರುವಾಯಿ ಬಿಡಿಸುವ ಕತ್ತಿ,
ಕೊಡೆಯ ಸ್ಪ್ರಿಂಗು, ಸೈಕಲ್ ಬ್ರೇಕಿನ ಹಿಡಿಕೆ.
“ಇಂಥದ್ದು ಮೊದಲೇ ಉಂಟಾ, ನೋಡಿ ಹೇಳಿ.”

ಇಪ್ಪತ್ತಾರು ವರ್ಷ ಈ ಕೌಂಟರಿನಲ್ಲಿ
ಸಿಗಲಿ ಎಂದೇ ಹುಡುಕಿದವನು ನಾನು.
ಸಿಗದಿರಲಿ ಎಂದು ಹುಡುಕುವುದು ಹೇಗೆ?

ಮುನ್ನೂರ ನಲವತ್ತಾರು, ಚುಕ್ಕಿ, ಸೊನ್ನೆ ನಾಲ್ಕು ಎಂಟು.
ಎಲ್ಲಕ್ಕಿಂತ ಮೇಲಿನ ಹಲಗೆ. ಏಣಿ ತಂದೆ.
ಎಪ್ಪತ್ತರ ಪೇಟೆಂಟು ಕಾಯಿದೆ, ಅದರ ತಿದ್ದುಪಡಿ, ತಿದ್ದುಪಡಿಗೆ ಟೀಕೆ,
ಬೆನ್ನು ಬಿಟ್ಟ ರಟ್ಟು, ಹುಳ ತಿಂದ ಪದಸೂಚಿ.
ಒಬ್ಬನೇ ಒಬ್ಬ ಒಯ್ದದ್ದು ಎಂಬತ್ತೊಂಬತ್ತರಲ್ಲಿ,
ತಿರುಗಿ ತಂದದ್ದು ತೊಂಬತ್ತೆರಡರಲ್ಲಿ.

ಕಂಪ್ಯೂಟರಿನಲ್ಲಿ ಲೋಕದ ಚಿಪ್ಪುಗಳೆಲ್ಲ ಬಾಯಿ ತೆರೆದವು:
ಜಪಾನಿನವನದು, ನಾರ್ವೆಯವನದು, ಹಬೆಯದು, ಲೇಸರಿನದು.
“ಸದರಿ ಹಿಡಿಕೆಯು ಸದರಿ ಅಲಗಿಗೆ ಸದರಿ ತಿರುಪಿನ ಮೂಲಕ”
ಎಂದು ಕನ್ನಡಕ್ಕೆ ತಿರುಗಿಸಿ ಓದಿದೆ. ಅವರು ನಕ್ಕರು:
“ಈ ಸದರಿಯವನು ಒಂದು ದಿನವಾದರೂ ಕೆಸರಿಗೆ ಇಳಿದದ್ದುಂಟಾ?”

ಊಟ ಬಿಟ್ಟು ಮೂರು ಗಂಟೆಯವರೆಗೆ ನೋಡಿದೆವು.
ಸ್ಪ್ರಿಂಗಿನ ಆ ಒಂದು ತಿರುವು ಎಲ್ಲೂ ಇರಲಿಲ್ಲ.
ಇಲ್ಲ ಎನ್ನುವ ಮಾತು
ಇಷ್ಟು ಸಿಹಿಯೆಂದು ನನಗೆ ಗೊತ್ತಿರಲಿಲ್ಲ.

ಕರೆಂಟು ಹೋಯಿತು.
ಕಿಟಕಿಯ ಬೆಳಕಿಗೆ ಕಾಯಿದೆ ಹಿಡಿದರೆ ಒಂದು ಕಲಂ:
ಅರ್ಜಿಗೆ ಮೊದಲೇ ಹತ್ತು ಜನರ ನಡುವೆ ಬಳಕೆಗೆ ಬಂದಿದ್ದರೆ
ಅದು ಹೊಸದಲ್ಲ.
ಕೇಳಿದೆ, ಕೇಳಬಾರದಿತ್ತು:
“ಬೇರೆ ಯಾರಿಗಾದರೂ ಕೊಟ್ಟಿದ್ದೀರಾ?”

“ಕೊಡದೆ? ಯಮುನಕ್ಕನ ಹೆಬ್ಬೆರಳು ಸೀಳಿತ್ತು, ಅವಳಿಗೇ ಮೊದಲು.
ಮತ್ತೆ ಹಫ್ಸಾ, ಅವಳ ನಾದಿನಿ, ಆಚೆಮನೆಯ ಐರಿನ್‌ಬಾಯಿ.
ಕಸಬಾದಲ್ಲಿ ಈಗ ನಲವತ್ತಾಗಿರಬಹುದು.
ಬೇಸಿಗೆ ಎರಡಾಯಿತಲ್ಲ.”

ನಾನು ಫ್ಯಾನು ನೋಡಿದೆ. ಅದು ನಿಂತಿತ್ತು.

ಅವರಿಗೆ ಅರ್ಥವಾಗಿರಬೇಕು.
ಪುಟದ ಮೇಲೆ ಬೆರಳಿಟ್ಟು ಕೇಳಿದ್ದು ಇಷ್ಟೆ:
“ಯಮುನಕ್ಕನ ಬೆರಳಿನ ವಿಷಯ ಬರೆದಿದೆಯಾ ಇದರಲ್ಲಿ?”
ಪದಸೂಚಿಯಲ್ಲೂ ಹುಡುಕಿದೆ, ಹುಳ ಉಳಿಸಿದಷ್ಟರಲ್ಲಿ.

ಐದೂವರೆಯ ದೋಣಿಗೆ ಹೊರಟರು. ಕತ್ತಿ ಒಯ್ಯಲಿಲ್ಲ.
“ನಿಮ್ಮ ಮನೆಗೂ ಒಂದಿರಲಿ ಮಾರಾಯ್ರೆ, ನಲವತ್ತೊಂದು.”
ನಮ್ಮ ಮನೆಯಲ್ಲಿ ಮರುವಾಯಿ ಮಾಡುವುದಿಲ್ಲ.
ಹೇಳಲಿಲ್ಲ.