ಮೂಲೆಯಿಲ್ಲದ ಮನೆ

ಹಿರಿಯರಿಗೆ ಅರ್ಧ ಬೆಲೆ, ಅಂದ ಹುಡುಗ.
ಕೊರಳಿನ ಬಿಲ್ಲೆಯಲ್ಲಿ ಹೆಸರು: ತಾನೆಲ್.
ಹೆಲ್ಯು ಅತ್ತೆ ಕೈಚೀಲದ ಬಾಯಿ ಬಿಚ್ಚಲಿಲ್ಲ.
"ಹುಟ್ಟಿದ ಕೋಣೆ ನೋಡುವುದಕ್ಕೆ
ಎಷ್ಟಪ್ಪ ನಿಮ್ಮಲ್ಲಿ?"

ಮಕ್ಕಳು, ವಿದ್ಯಾರ್ಥಿ, ಗುಂಪು, ಕುಟುಂಬ—
ಅವನ ಬೆರಳು ಪಟ್ಟಿಯುದ್ದ ಇಳಿದು ಮತ್ತೆ ಹತ್ತಿತು.
ಆ ಸಾಲು ಇರಲಿಲ್ಲ.
ನಾನೇ ದುಡ್ಡು ಕೊಟ್ಟೆ, ಎರಡು ಚೀಟಿಗೆ.

ಹೊರಗೆ ತಾಲಿನ್ನಿನ ಟ್ರಾಮು ತಿರುವಿನಲ್ಲಿ ಹಲ್ಲು ಕಡಿಯುತ್ತಿತ್ತು.
ಬುರುಜಿನ ಎದುರಿಗೇ ಒಂದು ಬ್ಯಾಂಕು,
ಅದರ ಗಾಜಿನ ಮೈತುಂಬ ಬುರುಜೇ,
ಅಲ್ಲಲ್ಲಿ ಸೊಟ್ಟಗೆ, ಕಲಕಿದ ನೀರಲ್ಲಿ ಕಂಡ ಹಾಗೆ.

ಎಪ್ಪತ್ತಾರು ಮೆಟ್ಟಿಲು, ಒಂದರ ಹಾಗೆ ಒಂದಿಲ್ಲ.
ಶತ್ರು ಎಡವಲೆಂದೇ ಹೀಗೆ ಕಟ್ಟಿದರಂತೆ, ಫಲಕ ಹೇಳುತ್ತದೆ.
ಅತ್ತೆ ನಕ್ಕಳು: "ಎಡವಿದ್ದು ನಮ್ಮಮ್ಮ,
ಎರಡೂ ಕೈಯಲ್ಲಿ ನೀರಿನ ಬಕೆಟ್ಟು."
ಮೂವತ್ತೊಂದನೆಯದು ಬಂದಾಗ
ನೋಡದೆಯೇ ಕಾಲನ್ನು ತುಸು ಎತ್ತಿಟ್ಟಳು.
ನಾನು ಎಡವಿದೆ.

ದುಂಡನೆಯ ಕೋಣೆ. ನಡುವೆ ಫಿರಂಗಿ,
ಸುತ್ತ ಕೆಂಪು ಹಗ್ಗ.
ಯುದ್ಧ ಮುಗಿದು ಊರಿಗೆ ಊರೇ ಸೂರಿಲ್ಲದೆ ನಿಂತಾಗ
ಮೂರು ಸಂಸಾರ ಇಲ್ಲಿ,
ರೊಟ್ಟಿ ಹೋಳು ಮಾಡಿದಂತೆ ಪರದೆ ಕಟ್ಟಿಕೊಂಡು.
"ಬೀರು ಯಾವ ಗೋಡೆಗೂ ಒರಗುತ್ತಿರಲಿಲ್ಲ.
ಹಿಂದಿನ ಸಂದಿಗೆ ಏನೆಲ್ಲ ಬೀಳುತ್ತಿತ್ತು:
ಗುಂಡಿ, ಸೂಜಿ, ಒಂದು ಸಲ ಅಪ್ಪನ ಕಾಗದ."
ಎಲ್ಲಿಂದ ಬಂದ ಕಾಗದ ಅಂತ ನಾನು ಕೇಳಲಿಲ್ಲ.
ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ
ಈಗಲೂ 'ಪೂರ್ವದಿಂದ' ಅಂತಷ್ಟೇ ಉತ್ತರ.

"ತಪ್ಪು ಮಾಡಿದರೆ, ಹೋಗು, ಮೂಲೆಗೆ ನಿಲ್ಲು, ಅನ್ನುವಳು ಅಮ್ಮ.
ಮೂಲೆಯೆಲ್ಲಿ?
ಗೋಡೆ ಹಿಡಿದು ಹೊರಟರೆ,
ಒಂದು ಪರದೆ ಸರಿಸಿದರೆ ಸಾರೆಪೂ ಅವರ ಮನೆ,
ಇನ್ನೊಂದು ಸರಿಸಿದರೆ ಮುದುಕ ವಿಡ್ರಿಕ್, ಹರಿದ ಬೂಟು ಹೊಲಿಯುತ್ತ,
ಕೈಗೊಂದು ಬೆಂದ ಆಲೂಗಡ್ಡೆ ಕೊಡುವನು,
ಮೂರನೆಯದು ಸರಿಸಿದರೆ ಮತ್ತೆ ಅಮ್ಮನೇ.
ಅಷ್ಟರಲ್ಲಿ ಸಿಟ್ಟು ಆರಿರುತ್ತಿತ್ತು.
ಕೆಲವು ಸಲ ಆರಿರುತ್ತಿರಲಿಲ್ಲ, ಇನ್ನೊಂದು ಸುತ್ತು."

ಗೋಡೆಯ ಒಂದೆಡೆ ಕಪ್ಪು. ಕೆಳಗೆ ಬರೆದಿದೆ:
ಮುತ್ತಿಗೆಯ ಕಾಲದ ಬೆಂಕಿಯ ಮಸಿ.
ಅತ್ತೆ ಹಗ್ಗ ದಾಟಿ ಅಂಗೈ ಇಟ್ಟಳು.
ಎಲ್ಲೋ ಏನೋ ಪೀಂ ಅಂತು.
ತಾನೆಲ್ ಏದುಸಿರು ಬಿಡುತ್ತ ಹತ್ತಿ ಬಂದ.
"ಇದು ನಮ್ಮ ಒಲೆಯದು ಕಣಪ್ಪ," ಅಂದಳು,
"ಮೀನು ಹುರಿದದ್ದು."
ಅವನು ಮಸಿ ನೋಡಿದ, ಫಲಕ ನೋಡಿದ,
ಎರಡೂ ತನ್ನದಲ್ಲ ಎಂಬಂತೆ ಕೈ ಹಿಂದೆ ಕಟ್ಟಿದ.
ಯಾವ ಮೀನು, ಅಂತ ಮಾತ್ರ ಕೇಳಿದ.

ಆಮೇಲೆ ಅವಳು ಕಂಡಿಗೆ ಬಂದಳು.
ಒಳಗೆ ಒಬ್ಬರು ನಿಲ್ಲುವಷ್ಟು ಅಗಲ, ಹೊರಗೆ ಬೆರಳಗಲ.
ಚಳಿಗಾಲದಲ್ಲಿ ಹಾಲಿಡುತ್ತಿದ್ದ ಜಾಗ.
"ಇಲ್ಲಿಂದ ಬೀದಿ ಒಂದು ನೂಲಿನಷ್ಟೇ.
ಹೋಗುವವರು ಇದ್ದರು ಅನ್ನುವಷ್ಟರಲ್ಲಿ ಇಲ್ಲ.
ಅಪ್ಪ ಬಂದರೆ ಅಷ್ಟರಲ್ಲೇ ಗುರುತು ಹಿಡಿಯಬೇಕು.
ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿ.
ನಾನೇ ನಿಲ್ಲಬೇಕು."
ಕಾವಲುಗಾರರು ನಾಲ್ಕು ಗಂಟೆಗೊಮ್ಮೆ ಬದಲಾಗುತ್ತಿದ್ದರು,
ಎಂದ ತಾನೆಲ್, ಬಾಯಿಪಾಠದಿಂದ.
"ಅದೃಷ್ಟವಂತರು," ಅಂದಳು ಅತ್ತೆ.

ಕೆಳಗಿಳಿದು ಬೀದಿಗೆ ಬಂದೆವು. ಗಾಳಿ, ಸಮುದ್ರದ ಕಡೆಯದು.
ನಮ್ಮ ಟ್ರಾಮು ಆಗಲೇ ನಿಲ್ದಾಣದಲ್ಲಿ,
ಬಾಗಿಲು ತೆರೆದೇ ಇತ್ತು.
ಓಡೋಣ ಅಂತ ತೋಳು ಹಿಡಿದೆ.
ಅವಳು ತೋಳು ಬಿಡಿಸಿಕೊಂಡು
ಮುಖ ಮೇಲೆತ್ತಿ, ಕೂದಲಿನ ಬಟ್ಟೆ ಹಿಂದೆ ಸರಿಸಿ
ಕಪ್ಪು ಗೆರೆಯಂಥ ಆ ಕಂಡಿಯ ನೇರಕ್ಕೆ ನಿಂತಳು.

"ಇಷ್ಟು ದೂರ ನಿಧಾನ ನಡಿ," ಅಂದಳು.