ಸಾಣೆಯ ಲೆಕ್ಕ

ಮುನ್ನೂರ ನಲವತ್ತು ಪೌಂಡು. ಒಂದು ಸಾಣೆಕಲ್ಲಿಗೆ,
ತಳ್ಳುವ ಗಾಡಿಗೆ, ಎರಡು ಬಕೀಟಿಗೆ.
ಅರ್ಜಿಯಲ್ಲಿ ವಿಳಾಸದ ಜಾಗ ಖಾಲಿ.
ಕಸುಬು ಅನ್ನುವಲ್ಲಿ ಮಾತ್ರ ಒತ್ತಿ ಬರೆದಿದ್ದ:
ಮೀನು ಕೊಯ್ಯುವವನು, ಇಪ್ಪತ್ತೆರಡು ವರ್ಷ.

ಸಭೆಯಲ್ಲಿ ನಾವು ಐವರು. ಚಹಾ, ಬಿಸ್ಕತ್ತು.
ಮಾರೀನ್ ಕನ್ನಡಕ ತೆಗೆದು ಕೇಳಿದಳು:
"ಮನೆಯಿಲ್ಲದವನ ಕೈಗೆ
ಊರ ಚಾಕುಗಳನ್ನೆಲ್ಲ ಒಪ್ಪಿಸುವುದೇ?"
ಯಾರೂ ಮಾತಾಡಲಿಲ್ಲ.
ಲೆಕ್ಕ ಬರೆಯುವ ನಾನು ಬಿಸ್ಕತ್ತು ಅದ್ದಿದೆ,
ಅದು ಮುರಿದು ಬಟ್ಟಲಿನ ತಳ ಸೇರಿತು.

ನೆವಿಲ್ ಮಂಬಿ ಹೊರಗೆ ಕಾಯುತ್ತಿದ್ದ,
ಗ್ರಿಮ್ಸ್‌ಬಿಯ ಫೆಬ್ರವರಿ ಗಾಳಿಗೆ ಬೆನ್ನು ಕೊಟ್ಟು.
ಕಾರ್ಖಾನೆ ಮುಚ್ಚಿದ ಮೇಲೆ ಬಾಡಿಗೆ ಮನೆ ಹೋಯಿತು,
ಮನೆಯ ಹಿಂದೆ ಹಾಸಿಗೆ, ಹಾಸಿಗೆಯ ಹಿಂದೆ
ಮಗಳ ಫೋನ್ ನಂಬರು.
ಹನ್ನೊಂದು ತಿಂಗಳು ಮಲಗಿದ್ದು ಯಾರದೋ ಕೆಟ್ಟು ನಿಂತ ವ್ಯಾನಿನಲ್ಲಿ.
ಅಕ್ಕಿ, ಬೇಳೆ, ಡಬ್ಬಿಗಳ ಚೀಲ ಕೊಟ್ಟಿದ್ದೆವು, ಆರು ಸಲ.
ಬೇಯಿಸಲು ಒಲೆ ಇದೆಯೇ ಎಂದು
ಏಳನೆಯ ಸಲ ಕೇಳಿದೆವು.

ಒಳಗೆ ಕರೆದಾಗ ಅವನು ಏನೂ ವಾದಿಸಲಿಲ್ಲ.
ನನ್ನ ಬಟ್ಟಲನ್ನು ಬರಿದು ಮಾಡಿ ಬೋರಲು ಹಾಕಿದ,
ಅದರ ತಳದ ಒರಟು ಬಳೆಯ ಮೇಲೆ
ಕೇಕು ಕೊಯ್ಯುವ ನಮ್ಮ ಮೊಂಡು ಚಾಕು ಎಳೆದ,
ಹತ್ತು ಸಲ ಈಚೆ, ಹತ್ತು ಸಲ ಆಚೆ.
ಆಮೇಲೆ ತನ್ನದೇ ಅರ್ಜಿಯನ್ನು ಎತ್ತಿ ಹಿಡಿದು
ಮೇಲಿಂದ ಕೆಳಗೆ ಸೀಳಿದ,
ಸದ್ದೇ ಇಲ್ಲ.
ಮಾರೀನಳೇ ಮೊದಲು ಕೈ ಎತ್ತಿದಳು.
ಎರಡು ಚೂರು ಅಂಟಿಸಿ ನಾನು ಕಡತದಲ್ಲಿಟ್ಟೆ.

ಮಂಗಳವಾರ ಫ್ರೀಮನ್ ಬೀದಿಯ ಮಾರುಕಟ್ಟೆ,
ಗುರುವಾರ ಹ್ಯಾಡಕ್ಕಿಗೆ ಹೊಗೆ ಹಾಕುವವರ ಹಿತ್ತಿಲ ಬಾಗಿಲು,
ನಡುವೆ ಕ್ಷೌರದಂಗಡಿಯ ಕತ್ತರಿ, ಬೇಲಿ ಸವರುವ ಕತ್ತರಿ.
ವಾರಕ್ಕೆ ಐದು ಪೌಂಡು ವಾಪಸು.
ನಾಣ್ಯಗಳಿಗೆ ಮೀನಿನ ವಾಸನೆ. ನಾನು ಮೀನು ತಿನ್ನುವವಳಲ್ಲ,
ಎಣಿಸಿ ಕೈ ತೊಳೆಯುತ್ತಿದ್ದೆ. ಈಗ ತೊಳೆಯುವುದಿಲ್ಲ
ಎಂದು ಬರೆದರೆ ಸುಳ್ಳಾದೀತು.
ತೊಳೆಯುತ್ತೇನೆ.

ಜೂನಿನಲ್ಲಿ ಎರಡು ವಾರ ಬರಲೇ ಇಲ್ಲ.
ಪುಸ್ತಕದಲ್ಲಿ ಎರಡು ಸೊನ್ನೆ ಸುತ್ತಿದೆ.
ಮೂರನೆಯ ವಾರ ಹದಿನೈದು ತಂದಿಟ್ಟ, ಕಾರಣ ಹೇಳದೆ.
ನಾನು ಕೇಳಬೇಕಿತ್ತೋ,
ಕೇಳದೆ ಇದ್ದದ್ದೇ ಮರ್ಯಾದೆಯೋ.

ಮೊನ್ನೆ ನನ್ನ ಈಳಿಗೆಮಣೆ ಒಯ್ದೆ.
ಗದಗಿನ ಸಂತೆಯದು, ಸೂಟ್‌ಕೇಸಿನಲ್ಲಿ ಸೀರೆ ಸುತ್ತಿಕೊಂಡು ಬಂದದ್ದು,
ಹದಿನಾರು ವರ್ಷ ಮೊಂಡಾಗಿ ಫ್ರಿಜ್ಜಿನ ಹಿಂದೆ ನಿಂತದ್ದು.
ಹಿಡಿ ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡಿದ.
ಹಿಡಿ ಇಲ್ಲ ಅಂದೆ, ಮಣೆಯ ಮೇಲೆ ಕೂರುವುದು.
ಇದರಲ್ಲಿ ಕತ್ತಿ ಕದಲುವುದಿಲ್ಲ,
ಸವತೆಕಾಯಿಯೇ ಅದರ ಬಳಿಗೆ ಹೋಗಬೇಕು.
ನೆವಿಲ್ ನಕ್ಕ, ಹಲ್ಲಿಲ್ಲದ ಎಡಗಡೆಯಿಂದ:
"ಓ, ನಿಮ್ಮ ಆಫೀಸಿನ ಹಾಗೆ."

ಚಕ್ರ ತಿರುಗಿತು. ಕಲ್ಲಿನಿಂದ ನೀರು ಬೂದಿಬಣ್ಣವಾಗಿ ಇಳಿಯಿತು.
ಎಷ್ಟು ಅಂದೆ. ನಾಲ್ಕು ಪೌಂಡು ಅಂದ.
ರಿಯಾಯಿತಿ ಇಲ್ಲ. ರಸೀದಿ ಹರಿದು ಕೊಟ್ಟ,
ಅಚ್ಚಾದ ಹೆಸರಿನ ಕೆಳಗೆ
ಪೆನ್ನಿನಲ್ಲಿ ಬರೆದ ಒಂದು ಬೀದಿ, ಮೇಲ್ಮಹಡಿ, ಹಿಂದಿನ ಕೋಣೆ.

ಸಾಲ ಇನ್ನೂ ನೂರ ಹತ್ತು ಬಾಕಿ.
ರಾತ್ರಿ ಕೋಸಂಬರಿ ಮಾಡಿದೆ.
ಹೊಸ ಹರಿತದ ರೂಢಿಯಿಲ್ಲ,
ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಇದನ್ನು ಬರೆಯುತ್ತಿದ್ದೇನೆ.